ಮೆಕ್‌ಡೇವಿಡ್, ಡ್ರೈಸೈಟಲ್ ಒಂದೇ ಲೈನ್‌ನಲ್ಲಿ ಆಡಬೇಕಾ? ಐಸ್ ಹಾಕಿಯ ಜೋಡಣೆ ಲೆಕ್ಕ

ಕೆನಡಾದ ಐಸ್ ಹಾಕಿ ತಂಡ ಎಡ್ಮಂಟನ್ ಆಯ್ಲರ್ಸ್‌ನ ಅಭಿಮಾನಿಗಳಲ್ಲಿ ಎರಡು ಪಂಗಡ. ಕಾನರ್ ಮೆಕ್‌ಡೇವಿಡ್ ಮತ್ತು ಲಿಯಾನ್ ಡ್ರೈಸೈಟಲ್ ಇಬ್ಬರನ್ನೂ ಒಂದೇ ಲೈನ್‌ನಲ್ಲಿ ಇಳಿಸಿ ಅನ್ನೋರು ಒಂದು ಕಡೆ. ಒಬ್ಬೊಬ್ಬರಿಗೂ ಬೇರೆ ಲೈನ್ ಕೊಡಿ ಅನ್ನೋರು ಇನ್ನೊಂದು ಕಡೆ. ತಂಡ ಸತತ ಎರಡು ಪಂದ್ಯ ಸೋತರೆ ಸಾಕು, ಜಗಳ ಶುರು. ಗೆದ್ದರೂ ನಿಲ್ಲುವುದಿಲ್ಲ, ದನಿ ಸ್ವಲ್ಪ ತಗ್ಗುತ್ತದೆ ಅಷ್ಟೇ. ಬೆಂಗಳೂರಿನಲ್ಲಿ ಬೆಳಗಿನ ಐದೂವರೆಗೆ ಎದ್ದು ಈ ಆಟ ನೋಡುವ ನನ್ನಂಥವನಿಗೂ ಇದರಲ್ಲಿ ಒಂದು ಪಕ್ಷ ಇದೆ. ನಾನು ಎರಡನೇ ಪಂಗಡದವನು. ಯಾಕೆ ಅಂತ ಹೇಳುವ ಮೊದಲು, ಲೈನ್ ಅಂದರೆ ಏನು, ಅದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ ಅನ್ನೋದನ್ನು ಹೇಳಿಬಿಡುತ್ತೇನೆ.

ಹಾಕಿ ಅಂದರೆ ನಮಗೆ ನೆನಪಾಗುವುದು ಕೊಡಗು, ಹನ್ನೊಂದು ಜನ, ಟರ್ಫ್ ಮೈದಾನ. ಐಸ್ ಹಾಕಿ ಬೇರೆಯೇ ಆಟ. 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಳ. ಚೆಂಡಿನ ಬದಲು ಪಕ್ ಅನ್ನೋ ರಬ್ಬರ್ ಬಿಲ್ಲೆ. ಸುತ್ತಲೂ ಗೋಡೆ, ಹಾಗಾಗಿ ಪಕ್ ಸುಲಭಕ್ಕೆ ಹೊರಗೆ ಹೋಗುವುದಿಲ್ಲ, ಆಟ ನಿಲ್ಲುವುದೂ ಕಡಿಮೆ. ಅಂಗಳದಲ್ಲಿ ಒಂದು ತಂಡದಿಂದ ಆರೇ ಜನ. ಒಬ್ಬ ಗೋಲಿ (ಅಂದರೆ ಗೋಲ್‌ಕೀಪರ್), ಇಬ್ಬರು ಡಿಫೆನ್ಸ್, ಮೂವರು ಫಾರ್ವರ್ಡ್. 20 ನಿಮಿಷದ ಮೂರು ಪೀರಿಯಡ್, ಒಟ್ಟು 60 ನಿಮಿಷ.

ಆದರೆ ಈ 60 ನಿಮಿಷವನ್ನು ಆರೇ ಜನ ಆಡಲು ಸಾಧ್ಯವಿಲ್ಲ. ಪೂರ್ತಿ ವೇಗದಲ್ಲಿ ಸ್ಕೇಟ್ ಮಾಡಿದರೆ ಮುಕ್ಕಾಲು ನಿಮಿಷಕ್ಕೇ ತೊಡೆ ಉರಿಯೋಕೆ ಶುರುವಾಗುತ್ತದೆ. ಅದಕ್ಕೇ ಒಬ್ಬ ಆಟಗಾರ ಒಂದು ಸಲಕ್ಕೆ ಸುಮಾರು 45 ಸೆಕೆಂಡ್ ಆಡುತ್ತಾನೆ, ಬೆಂಚಿಗೆ ಬಂದು ಕೂರುತ್ತಾನೆ, ಉಸಿರು ತಿರುಗಿದ ಮೇಲೆ ಮತ್ತೆ ಇಳಿಯುತ್ತಾನೆ. ಈ 45 ಸೆಕೆಂಡ್‌ಗೆ ಶಿಫ್ಟ್ ಅನ್ನುತ್ತಾರೆ. ಆಯ್ಲರ್ಸ್ ಆಡುವ ಉತ್ತರ ಅಮೆರಿಕದ ಲೀಗ್ ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯಕ್ಕೆ ಇಬ್ಬರು ಗೋಲಿಗಳನ್ನು ಬಿಟ್ಟು 18 ಜನರನ್ನು ಇಳಿಸಬಹುದು. ಸಾಮಾನ್ಯವಾಗಿ 12 ಫಾರ್ವರ್ಡ್, 6 ಡಿಫೆನ್ಸ್. ಹನ್ನೆರಡು ಜನ ಮೂರು ಮೂರರಂತೆ ನಾಲ್ಕು ಗುಂಪು. ಈ ಒಂದೊಂದು ಗುಂಪೇ ಒಂದು ಲೈನ್. ಡಿಫೆನ್ಸ್‌ನವರು ಇಬ್ಬಿಬ್ಬರಂತೆ ಮೂರು ಜೋಡಿ.

ನಮ್ಮ ಹಾಕಿಯಲ್ಲೂ ಆಟ ನಡೆಯುವಾಗಲೇ ಆಟಗಾರರು ಬದಲಾಗುತ್ತಾರೆ, ನಿಜ. ಆದರೆ ಅಲ್ಲಿ ಒಬ್ಬ ಬರುತ್ತಾನೆ, ಒಬ್ಬ ಹೋಗುತ್ತಾನೆ. ಇಲ್ಲಿ ಮೂವರೂ ಒಟ್ಟಿಗೆ ಬರುತ್ತಾರೆ, ಒಟ್ಟಿಗೆ ಹೋಗುತ್ತಾರೆ. ಹಾಗಾಗಿ ಯಾರು ಚೆನ್ನಾಗಿ ಆಡುತ್ತಾರೆ ಅನ್ನುವಷ್ಟೇ, ಯಾರ ಜೊತೆ ಆಡುತ್ತಾರೆ ಅನ್ನೋದೂ ಇಲ್ಲಿ ದೊಡ್ಡ ವಿಷಯ.

ಆ ಬದಲಾವಣೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಟಿವಿ ಕ್ಯಾಮೆರಾ ಪಕ್ ಹಿಂದೆ ಓಡುತ್ತದೆ, ಅದಕ್ಕೆ ಎಷ್ಟೋ ಸಲ ಇದು ಕಣ್ಣಿಗೆ ಬೀಳುವುದೇ ಇಲ್ಲ. ಪಕ್ ಹಿಡಿದವನು ಮಧ್ಯದ ಕೆಂಪು ಗೆರೆ ದಾಟುತ್ತಾನೆ. ಎದುರಾಳಿಯ ಮೂಲೆಗೆ ಪಕ್ ತಳ್ಳಿ ಬೆಂಚಿನ ಕಡೆ ತಿರುಗುತ್ತಾನೆ. ಅವನು ಇನ್ನೂ ಐದಡಿ ದೂರ ಇರುವಾಗಲೇ ಮುಂದಿನವನು ಗೋಡೆ ಹಾರಿ ಇಳಿದಿರುತ್ತಾನೆ. ಒಂದು ಕ್ಷಣ ಬೇಗ ಹಾರಿದರೆ ಅಂಗಳದಲ್ಲಿ ಒಬ್ಬ ಜಾಸ್ತಿ ಆಗುತ್ತಾನೆ, ತಂಡಕ್ಕೆ ಎರಡು ನಿಮಿಷದ ಶಿಕ್ಷೆ, ಅಷ್ಟು ಹೊತ್ತು ಒಬ್ಬ ಕಮ್ಮಿ ಇಟ್ಟುಕೊಂಡು ಆಡಬೇಕು. ಒಂದು ಕ್ಷಣ ತಡವಾದರೆ ಎದುರಾಳಿ ಖಾಲಿ ಜಾಗದಲ್ಲಿ ನುಗ್ಗಿಬಿಡುತ್ತಾನೆ. ಎರಡನೇ ಪೀರಿಯಡ್‌ನಲ್ಲಿ ಇದು ಇನ್ನೂ ಕಷ್ಟ. ತಂಡಗಳು ದಿಕ್ಕು ಬದಲಿಸುತ್ತವೆ, ಬೆಂಚು ಮಾತ್ರ ಅಲ್ಲೇ ಇರುತ್ತದೆ. ಹಾಗಾಗಿ ತಮ್ಮ ಗೋಲಿನ ಬಳಿ ಸಿಕ್ಕಿಹಾಕಿಕೊಂಡವರಿಗೆ ಬೆಂಚು ದೂರ. ಸುಸ್ತಾದರೂ ಹೊರಗೆ ಹೋಗಲು ಆಗುವುದಿಲ್ಲ. 45 ಸೆಕೆಂಡ್‌ನ ಶಿಫ್ಟ್ ಒಂದೂವರೆ ನಿಮಿಷ ಎಳೆಯುತ್ತದೆ, ಆಮೇಲೆ ಗೋಲು ಬೀಳುತ್ತದೆ. ಎರಡನೇ ಪೀರಿಯಡ್‌ನಲ್ಲಿ ಒಂದು ತಂಡ ಇದ್ದಕ್ಕಿದ್ದಂತೆ ಕುಸಿದು ಹೋಯಿತು ಅನ್ನಿಸಿದರೆ, ಕಾರಣ ಎಷ್ಟೋ ಸಲ ಇದೇ ಆಗಿರುತ್ತದೆ.

ಸೆಂಟರ್ ಅನ್ನೋ ಕೆಲಸ

ಲೈನ್‌ನ ಮೂವರಲ್ಲಿ ಒಬ್ಬ ಸೆಂಟರ್, ಇಬ್ಬರು ವಿಂಗ್. ಹೊಸದಾಗಿ ನೋಡುವವರಿಗೆ ಮೂವರೂ ಒಂದೇ ಥರ ಓಡಾಡಿದಂತೆ ಕಾಣುತ್ತದೆ. ಹಾಗಿಲ್ಲ. ಆಟ ಪ್ರತಿ ಸಲ ಶುರುವಾಗುವುದು ಫೇಸ್‌ಆಫ್‌ನಿಂದ. ಅಂಗಳದ ಅಧಿಕಾರಿಯೊಬ್ಬರು ಪಕ್ ಕೆಳಗೆ ಹಾಕುತ್ತಾರೆ, ಇಬ್ಬರು ಸೆಂಟರ್‌ಗಳು ಅದಕ್ಕೆ ಕಿತ್ತಾಡುತ್ತಾರೆ. ಎದುರಾಳಿ ದಾಳಿಗೆ ಬಂದಾಗ ಸೆಂಟರ್ ತನ್ನ ಗೋಲಿನ ತನಕ ಇಳಿದು ಡಿಫೆನ್ಸ್‌ನವರಿಗೆ ಮೂರನೆಯವನಾಗಬೇಕು. ವಿಂಗ್‌ನವರು ಅಷ್ಟು ಕೆಳಗೆ ಬರಬೇಕಿಲ್ಲ. ಪಕ್ ಸಿಕ್ಕ ಮೇಲೆ ಅದನ್ನು ಅಂಗಳದ ನಡುವಿನಿಂದ ಮೇಲೆ ಒಯ್ಯುವುದು ಕೂಡ ಹೆಚ್ಚಾಗಿ ಸೆಂಟರ್ ಕೆಲಸ. ಅಂದರೆ ಅತಿ ಹೆಚ್ಚು ಓಡುವವನು ಅವನೇ. ಒಳ್ಳೆಯ ಸೆಂಟರ್‌ಗಳು ಸಿಗುವುದು ಕಷ್ಟ, ಸಿಕ್ಕರೂ ದುಬಾರಿ.

ಆಯ್ಲರ್ಸ್ ಬಳಿ ಅಂಥವರು ಇಬ್ಬರಿದ್ದಾರೆ. ಜರ್ಮನಿಯ ಕಲೋನ್ ಊರಿನ ಡ್ರೈಸೈಟಲ್, ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ, 2014ರಲ್ಲಿ ಮೂರನೆಯವನಾಗಿ ಬಂದ. ಮರು ವರ್ಷ ಮೊದಲನೆಯವನಾಗಿ ಮೆಕ್‌ಡೇವಿಡ್ ಬಂದ. 2022-23ರಲ್ಲಿ ಮೆಕ್‌ಡೇವಿಡ್ 64 ಗೋಲು, 89 ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಪಾಸ್), ಎರಡೂ ಸೇರಿ 153 ಪಾಯಿಂಟ್ ಮಾಡಿದ. ಡ್ರೈಸೈಟಲ್ 52 ಗೋಲಿನ ಜೊತೆ 128 ಪಾಯಿಂಟ್. ಎದುರಾಳಿಗೆ ಒಬ್ಬ ಕಮ್ಮಿ ಇರುವ ಪವರ್ ಪ್ಲೇಯಲ್ಲಿ ಇಬ್ಬರೂ ಒಟ್ಟಿಗೆ ಇಳಿಯುತ್ತಾರೆ. ಅದರ ಬಗ್ಗೆ ಯಾರದೂ ತಕರಾರಿಲ್ಲ. ಆ ಸೀಸನ್ನಿನಲ್ಲಿ ಅವರ ಪವರ್ ಪ್ಲೇ 32.4% ಸಲ ಗೋಲಾಯಿತು, ಎನ್‌ಎಚ್‌ಎಲ್ ಇತಿಹಾಸದಲ್ಲೇ ದಾಖಲೆ. ಡ್ರೈಸೈಟಲ್ ಬಲಗಡೆ ಗೋಲ್ ಗೆರೆಯ ಹತ್ತಿರ ನಿಂತಿರುತ್ತಾನೆ. ಅಲ್ಲಿಂದ ಗೋಲು ಹೊಡೆಯಬಹುದು ಅಂತ ಯಾರಿಗೂ ಅನ್ನಿಸದಷ್ಟು ಓರೆ ಕೋನ. ಮೆಕ್‌ಡೇವಿಡ್ ಪಾಸ್ ಬಂದ ತಕ್ಷಣ, ಪಕ್ ನಿಲ್ಲಿಸದೆ ಹಾಗೇ ಬಾರಿಸುತ್ತಾನೆ. ಗೋಲಿ ಅಡ್ಡ ಸರಿಯುವಷ್ಟರಲ್ಲಿ ಮುಗಿದಿರುತ್ತದೆ.

ಇದನ್ನು ನೋಡಿದವನಿಗೆ ಇಡೀ ಪಂದ್ಯ ಹೀಗೇ ಆಡಿಸಬಾರದಾ ಅನ್ನಿಸುವುದು ಸಹಜ ಅಲ್ವಾ? ತೊಡಕು ಇಲ್ಲೇ ಇದೆ. ಇಬ್ಬರೂ ಒಂದೇ ಲೈನ್‌ಗೆ ಬಂದರೆ ಡ್ರೈಸೈಟಲ್ ವಿಂಗ್‌ಗೆ ಹೋಗುತ್ತಾನೆ. ಮೆಕ್‌ಡೇವಿಡ್‌ಗೆ ಒಬ್ಬ ಅದ್ಭುತ ವಿಂಗ್ ಸಿಕ್ಕ, ಸರಿ. ಆದರೆ ತಂಡ ಒಬ್ಬ ಅದ್ಭುತ ಸೆಂಟರ್‌ನನ್ನು ಕಳೆದುಕೊಂಡಿತು. ಎರಡನೇ ಲೈನ್‌ನ ಸೆಂಟರ್ ಜಾಗಕ್ಕೆ ಮೂರನೆಯವನು ಏರಬೇಕು, ಮೂರನೆಯದಕ್ಕೆ ನಾಲ್ಕನೆಯವನು. ಒಂದು ಲೈನ್ ಬಲವಾಯಿತು, ಉಳಿದ ಮೂರೂ ಒಂದೊಂದು ಮೆಟ್ಟಿಲು ಕೆಳಗಿಳಿದವು.

ನಿಮಿಷದ ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. 60 ನಿಮಿಷದಲ್ಲಿ ಪವರ್ ಪ್ಲೇ, ಪೆನಾಲ್ಟಿ ಎಲ್ಲ ತೆಗೆದರೆ, ಗೋಲಿ ಬಿಟ್ಟು ಎರಡೂ ಕಡೆ ಐದೈದು ಜನ ಆಡುವ ಹೊತ್ತು ಸುಮಾರು 48 ನಿಮಿಷ ಅಂತ ಇಟ್ಟುಕೊಳ್ಳಿ. ಇದರಲ್ಲಿ ಮೆಕ್‌ಡೇವಿಡ್ 16, ಡ್ರೈಸೈಟಲ್ 16 ನಿಮಿಷ. ಬೇರೆ ಬೇರೆ ಲೈನ್‌ನಲ್ಲಿದ್ದರೆ 32 ನಿಮಿಷ ಇಬ್ಬರಲ್ಲಿ ಒಬ್ಬ ಅಂಗಳದಲ್ಲಿ ಇದ್ದೇ ಇರುತ್ತಾನೆ. ಇಬ್ಬರೂ ಇಲ್ಲದ ಹೊತ್ತು 16 ನಿಮಿಷ ಮಾತ್ರ. ಒಟ್ಟಿಗೆ ಆಡಿಸಿದರೆ ಲೆಕ್ಕ ತಿರುಗುಮುರುಗು. 16 ನಿಮಿಷ ಹಬ್ಬ, 32 ನಿಮಿಷ ಉಪವಾಸ. ಟಿ20ಯಲ್ಲಿ ಬುಮ್ರಾಗೆ ಸಿಗುವುದು ನಾಲ್ಕೇ ಓವರ್. ಅವನ ಜೊತೆಗೇ ಇನ್ನೊಬ್ಬ ಒಳ್ಳೆ ಬೌಲರ್‌ನ ನಾಲ್ಕೂ ಓವರ್ ಮುಗಿಸಿಬಿಟ್ಟರೆ, ಉಳಿದ ಹನ್ನೆರಡು ಯಾರು ಹಾಕಬೇಕು? ಕೋಚ್ ಮುಂದಿರುವ ಪ್ರಶ್ನೆಯೂ ಇದೇ.

ಹಾಗಂತ ಒಟ್ಟಿಗೆ ಆಡಿಸಲೇಬಾರದು ಅಂತ ನಾನು ಹೇಳುವುದಿಲ್ಲ. ಮೂರನೇ ಪೀರಿಯಡ್, ಹತ್ತು ನಿಮಿಷ ಬಾಕಿ, ಒಂದು ಗೋಲು ಹಿಂದೆ ಇದ್ದೀವಿ ಅಂದಾಗ ಇಬ್ಬರನ್ನೂ ಒಟ್ಟಿಗೆ ಇಳಿಸಲೇಬೇಕು. ಆಗ ಉಳಿದ ಲೈನ್‌ಗಳಿಗೆ ಶಿಫ್ಟೇ ಕಡಿಮೆ, ನಷ್ಟವೂ ಕಡಿಮೆ. ನನ್ನ ಸಿಟ್ಟು ಇರುವುದು ಮೊದಲ ಪೀರಿಯಡ್‌ನ ಮೊದಲ ಶಿಫ್ಟಿನಿಂದಲೇ ಒಟ್ಟಿಗೆ ಇಳಿಸುವುದರ ಮೇಲೆ. ಅದು ಗಾಬರಿಯ ಲಕ್ಷಣ.

ಯಾರ ಜೊತೆ ಯಾರು

ಒಳ್ಳೆಯ ಲೈನ್ ಅಂದರೆ ಒಳ್ಳೆಯ ಮೂವರನ್ನು ತಂದು ಸೇರಿಸುವುದಲ್ಲ. ಕೆಲಸ ಹಂಚಿಕೆ ಆಗಬೇಕು. ಒಬ್ಬ ಪಕ್ ಒಯ್ಯುವವನು, ಒಬ್ಬ ಗೋಲಿನ ಮುಂದೆ ಹೋಗಿ ನಿಲ್ಲುವವನು, ಒಬ್ಬ ಹಿಂದೆ ಕಣ್ಣಿಡುವವನು.

2023-24ರಲ್ಲಿ ಮೆಕ್‌ಡೇವಿಡ್ ಜೊತೆ ಹೆಚ್ಚಾಗಿ ಆಡಿದವರು ಜ್ಯಾಕ್ ಹೈಮನ್ ಮತ್ತು ರಯಾನ್ ನ್ಯೂಜೆಂಟ್-ಹಾಪ್ಕಿನ್ಸ್. ಹೈಮನ್ ಮಿಂಚುವ ಆಟಗಾರ ಅಲ್ಲ. ಅವನಿಗೆ ಗೊತ್ತಿರುವುದು ಒಂದು ಕೆಲಸ, ಅದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಾನೆ. ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆಯನ್ನು ಮೆಕ್‌ಡೇವಿಡ್ ದಾಟಿದ ತಕ್ಷಣ ಇಬ್ಬರು ಡಿಫೆನ್ಸ್ ಅವನ ಕಡೆ ವಾಲುತ್ತಾರೆ. ವಾಲಲೇಬೇಕು, ಅಷ್ಟು ವೇಗ. ಆ ಹೊತ್ತಿಗೆ ಹೈಮನ್ ಪಕ್ ಕಡೆ ನೋಡುವುದೇ ಇಲ್ಲ. ನೇರ ಗೋಲಿಯ ಮುಂದೆ ಹೋಗಿ, ಬೆನ್ನಿಗೆ ಒಬ್ಬ ಗುದ್ದುತ್ತಿದ್ದರೂ ಅಲ್ಲಾಡದೆ, ಸ್ಟಿಕ್ ಕೆಳಗಿಟ್ಟು ನಿಲ್ಲುತ್ತಾನೆ. ಪಾಸ್ ಬಂದರೆ ಗೋಲು. ಶಾಟ್ ಬಂದು ಗೋಲಿಯಿಂದ ಸಿಡಿದರೂ ಗೋಲು. ಆ ಸೀಸನ್ನಿನಲ್ಲಿ ಅವನು ಹೊಡೆದದ್ದು 54, ಪ್ಲೇಆಫ್‌ನಲ್ಲಿ ಇನ್ನೂ 16. ನ್ಯೂಜೆಂಟ್-ಹಾಪ್ಕಿನ್ಸ್ ಕೆಲಸ ಇದಕ್ಕೆ ತದ್ವಿರುದ್ಧ. ಇವರಿಬ್ಬರೂ ಮುಂದೆ ನುಗ್ಗಿದಾಗ ಪಕ್ ಕೈತಪ್ಪಿದರೆ ಓಡಿಬರಲು ಒಬ್ಬ ಬೇಕಲ್ಲ, ಅದು ಅವನು.

ಬಹಳ ಕೋಚ್‌ಗಳು ಮೂವರ ಲೆಕ್ಕದಲ್ಲಿ ಯೋಚಿಸುವುದೂ ಇಲ್ಲ, ಜೋಡಿಯ ಲೆಕ್ಕದಲ್ಲಿ ಯೋಚಿಸುತ್ತಾರೆ. ಮೆಕ್‌ಡೇವಿಡ್–ಹೈಮನ್ ಒಂದು ಜೋಡಿ. ಬೋಸ್ಟನ್‌ನಲ್ಲಿ ಪ್ಯಾಟ್ರಿಸ್ ಬರ್ಜೆರಾನ್–ಬ್ರಾಡ್ ಮರ್ಷಾಂಡ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೋಡಿ. ಅವರ ಪಕ್ಕಕ್ಕೆ ಡೇವಿಡ್ ಪಾಸ್ಟರ್ನಾಕ್ ಬಂದ ಮೇಲೆ ಅದು ಆ ಕಾಲದ ಅತ್ಯುತ್ತಮ ಲೈನ್ ಆಯಿತು. ಜೋಡಿಯನ್ನು ಹಾಗೇ ಇಟ್ಟು ಮೂರನೆಯವನನ್ನು ಬದಲಿಸುತ್ತಾ ಹೋಗುವುದು ಸುಲಭ. ತಂಡ ಸೋಲುತ್ತಿದ್ದಾಗ ಕೆಲವು ಕೋಚ್‌ಗಳು ಜೋಡಿಗಳನ್ನೂ ಒಡೆದು ಎಲ್ಲಾ ಕಲಸುಮೇಲೋಗರ ಮಾಡುತ್ತಾರೆ. ಅದರಿಂದ ಕೆಲವೊಮ್ಮೆ ಆಟಗಾರರು ಎಚ್ಚರಾಗುತ್ತಾರೆ. ಹೆಚ್ಚಿನ ಸಲ ಪಾಸ್ ಎಲ್ಲಿಗೆ ಹೋಗಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಅಂದಹಾಗೆ, ಇವತ್ತಿನ ಲೈನ್ ಏನು ಅಂತ ಅಭಿಮಾನಿಗಳಿಗೆ ಪಂದ್ಯಕ್ಕೆ ಮೊದಲೇ ಗೊತ್ತಾಗುವುದು ಹೇಗೆ? ಅಭ್ಯಾಸದ ಜರ್ಸಿ ಬಣ್ಣದಿಂದ. ಅಭ್ಯಾಸದಲ್ಲಿ ಒಂದೊಂದು ಲೈನ್‌ಗೆ ಒಂದೊಂದು ಬಣ್ಣ ಕೊಡುವುದು ವಾಡಿಕೆ. ನಿನ್ನೆ ತನಕ ಮೊದಲ ಲೈನ್ ಬಣ್ಣದಲ್ಲಿದ್ದವನು ಇವತ್ತು ನಾಲ್ಕನೇ ಲೈನ್ ಬಣ್ಣದಲ್ಲಿ ಬಂದ ಅಂದರೆ ಮುಗೀತು, ಪತ್ರಕರ್ತರು ಬರೆಯುತ್ತಾರೆ, ನಾವು ಇಡೀ ದಿನ ಅದನ್ನೇ ಜಗಿಯುತ್ತೇವೆ.

ಇನ್ನೊಂದು ವಿಷಯ ಟಿವಿಯಲ್ಲಿ ಗಮನಕ್ಕೇ ಬರುವುದಿಲ್ಲ. ಆಟ ನಿಂತಾಗ ಮೊದಲು ಆಟಗಾರರನ್ನು ಕಳಿಸಬೇಕಾದ್ದು ಅತಿಥಿ ತಂಡ. ಅದನ್ನು ನೋಡಿಕೊಂಡು ಕಳಿಸುವ ಹಕ್ಕು ತವರಿನ ತಂಡಕ್ಕೆ. ಎದುರಾಳಿ ತಮ್ಮ ದೊಡ್ಡ ಲೈನ್ ಇಳಿಸಿದರೆ, ನೀವು ನಿಮ್ಮ ಅತ್ಯುತ್ತಮ ತಡೆಯುವವರನ್ನು ಇಳಿಸಬಹುದು. ಫ್ಲೋರಿಡಾ ಪ್ಯಾಂಥರ್ಸ್‌ನ ಕೋಚ್ ಪಾಲ್ ಮಾರಿಸ್ ಬಳಿ ಅದಕ್ಕೆ ಅಲೆಕ್ಸಾಂಡರ್ ಬಾರ್ಕೋವ್ ಇದ್ದಾನೆ. ಒಳ್ಳೆಯ ಡಿಫೆನ್ಸ್ ಆಡುವ ಫಾರ್ವರ್ಡ್‌ಗೆ ಕೊಡುವ ಸೆಲ್ಕೀ ಟ್ರೋಫಿ ಅವನಿಗೆ ಮೂರು ಸಲ ಬಂದಿದೆ. ಮೆಕ್‌ಡೇವಿಡ್ ಇಳಿದಾಗೆಲ್ಲ ಬಾರ್ಕೋವ್ ಇಳಿಯುತ್ತಾನೆ. ಈಗ ಯೋಚಿಸಿ. ನಿಮ್ಮ ಇಬ್ಬರು ದೊಡ್ಡವರೂ ಒಂದೇ ಲೈನ್‌ನಲ್ಲಿದ್ದರೆ ಎದುರಾಳಿಗೆ ಒಬ್ಬನೇ ಬಾರ್ಕೋವ್ ಸಾಕು. ಎರಡು ಲೈನ್‌ನಲ್ಲಿದ್ದರೆ ಇಬ್ಬರು ಬೇಕು. ಇಬ್ಬರು ಬಾರ್ಕೋವ್ ಯಾರ ಬಳಿಯೂ ಇಲ್ಲ.

ಲೈನ್ ತಪ್ಪೋ, ಅದೃಷ್ಟ ಕೆಟ್ಟದ್ದೋ

ಅಭಿಮಾನಿಗಳು ಎಡವುವುದು ಇಲ್ಲಿ. ಐದು ಪಂದ್ಯ ಗೋಲು ಬರಲಿಲ್ಲ, ಆ ಲೈನ್ ಒಡೆಯಿರಿ ಅನ್ನುತ್ತೇವೆ. ಐದು ಪಂದ್ಯ ಅಂದರೆ ಎಷ್ಟು ಆಟ? ಒಂದು ಲೈನ್ ಒಟ್ಟಿಗೆ ಪಂದ್ಯಕ್ಕೆ 13 ನಿಮಿಷ ಆಡಿತು ಅಂದರೆ ಐದು ಪಂದ್ಯಕ್ಕೆ 65 ನಿಮಿಷ. ಐದೈದು ಜನರ ಆಟದಲ್ಲಿ ಸಾಧಾರಣ ತಂಡ 60 ನಿಮಿಷಕ್ಕೆ ಎರಡೂವರೆ ಗೋಲು ಹೊಡೆಯುತ್ತದೆ. ಅಂದರೆ ನಾವು ಕಾಯುತ್ತಿರುವುದು ಎರಡೋ ಮೂರೋ ಗೋಲಿಗೆ. ಎರಡು ಶಾಟ್ ಕಂಬಕ್ಕೆ ಬಡಿದರೆ, ಒಬ್ಬ ಗೋಲಿ ಒಂದು ರಾತ್ರಿ ಚೆನ್ನಾಗಿ ಆಡಿದರೆ, ಆ ಲೆಕ್ಕ ಸೊನ್ನೆ. ಲೈನ್ ಕೆಟ್ಟಿದೆ ಅಂತ ಅಷ್ಟರಿಂದ ಹೇಳಲು ಬರುವುದಿಲ್ಲ.

ಅದಕ್ಕೇ ಗೋಲು ಬಿಟ್ಟು ಶಾಟ್‌ಗಳನ್ನು ಎಣಿಸುವ ಪದ್ಧತಿ ಬಂತು. ಆ ಲೈನ್ ಅಂಗಳದಲ್ಲಿದ್ದಾಗ ಗೋಲಿನ ಕಡೆ ಹೊಡೆದ ಎಲ್ಲಾ ಶಾಟ್ ಎಣಿಸಿ. ಗುರಿಗೆ ಹೋದದ್ದು, ತಪ್ಪಿದ್ದು, ಅಡ್ಡ ಬಂದವನಿಗೆ ತಾಗಿದ್ದು ಎಲ್ಲವೂ ಸೇರಲಿ. ಎದುರಾಳಿಯದ್ದನ್ನೂ ಎಣಿಸಿ. ಒಟ್ಟಿನಲ್ಲಿ ನಮ್ಮ ಪಾಲು ಅರ್ಧಕ್ಕಿಂತ ಜಾಸ್ತಿ ಇದ್ದರೆ ಪಕ್ ಹೆಚ್ಚು ಹೊತ್ತು ನಮ್ಮ ಬಳಿಯೇ ಇದೆ ಅಂತ ಅರ್ಥ. ಇದಕ್ಕೆ ಕಾರ್ಸಿ ಅಂತ ಹೆಸರು, ಬಫಲೋ ತಂಡದ ಗೋಲಿ ಕೋಚ್ ಆಗಿದ್ದ ಜಿಮ್ ಕಾರ್ಸಿ ಅವರಿಂದ ಬಂದದ್ದು. ಎಲ್ಲಿಂದ ಹೊಡೆದ ಶಾಟ್ ಅನ್ನೋದಕ್ಕೂ ಬೆಲೆ ಕಟ್ಟಿದರೆ ಅದು ನಿರೀಕ್ಷಿತ ಗೋಲು. ಗೋಲಿಯ ಮುಂದೆ ಐದಡಿಯಿಂದ ಹೊಡೆದದ್ದಕ್ಕೆ ಬೆಲೆ ಜಾಸ್ತಿ, ನೀಲಿ ಗೆರೆಯಿಂದ ಸುಮ್ನೆ ಎಸೆದದ್ದಕ್ಕೆ ಕಡಿಮೆ. ಇಷ್ಟು ಗೊತ್ತಿದ್ದರೆ ಸಾಕು.

ಅದೃಷ್ಟ ಅಳೆಯುವುದಕ್ಕೆ ಇನ್ನೂ ಸರಳವಾದ ಒಂದು ಲೆಕ್ಕ ಇದೆ. ತಂಡದ ಶಾಟ್‌ಗಳಲ್ಲಿ ಎಷ್ಟು ಶೇಕಡಾ ಗೋಲಾದವು, ತಂಡದ ಗೋಲಿ ಎಷ್ಟು ಶೇಕಡಾ ತಡೆದ, ಎರಡನ್ನೂ ಕೂಡಿಸಿ. ಐದೈದು ಜನರ ಆಟದಲ್ಲಿ ಮೊದಲನೆಯದು 8ರ ಆಸುಪಾಸು, ಎರಡನೆಯದು 92ರ ಆಸುಪಾಸು, ಕೂಡಿದರೆ 100. ಯಾವುದೋ ತಂಡ ಹತ್ತು ಪಂದ್ಯದಲ್ಲಿ 96ಕ್ಕೆ ಇಳಿದಿದ್ದರೆ ಅದು ಅಲ್ಲೇ ಉಳಿಯುವುದಿಲ್ಲ, ಮೇಲೆ ಬರುತ್ತದೆ. 104 ಇದ್ದವರು ಕೆಳಗಿಳಿಯುತ್ತಾರೆ.

ಇದಕ್ಕೆ 2023ರ ನವೆಂಬರ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಲೀಗ್‌ನ ಸ್ಟ್ಯಾನ್ಲಿ ಕಪ್ ಗೆಲ್ಲುವ ನೆಚ್ಚಿನ ತಂಡಗಳಲ್ಲಿ ಒಂದು ಅಂತ ಸೀಸನ್ ಶುರು ಮಾಡಿದ ಆಯ್ಲರ್ಸ್, ಸಾಲು ಸಾಲು ಸೋತಿತು. ಅಷ್ಟರ ತನಕ ಒಂದೇ ಪಂದ್ಯ ಗೆದ್ದಿದ್ದ ಸ್ಯಾನ್ ಹೋಸೆ ಶಾರ್ಕ್ಸ್ ಕೂಡ ನಮ್ಮನ್ನು 3-2ರಲ್ಲಿ ಸೋಲಿಸಿತು. ಲೈನ್ ದಿನಕ್ಕೊಂದು ಥರ. ಕೋಚ್ ಜೇ ವುಡ್‌ಕ್ರಾಫ್ಟ್ ಅವರಿಗೆ 12 ಫಾರ್ವರ್ಡ್ ಬದಲು 11 ಫಾರ್ವರ್ಡ್, 7 ಡಿಫೆನ್ಸ್ ಇಳಿಸುವ ಅಭ್ಯಾಸ ಬೇರೆ ಇತ್ತು. ಆಗ ನಾಲ್ಕನೇ ಲೈನ್‌ನಲ್ಲಿ ಒಂದು ಜಾಗ ಖಾಲಿ ಇರುತ್ತದೆ, ಅದಕ್ಕೆ ಮೆಕ್‌ಡೇವಿಡ್‌ನನ್ನೇ ಹೆಚ್ಚುವರಿಯಾಗಿ ಇಳಿಸಬಹುದು. ಐಡಿಯಾ ಕೆಟ್ಟದ್ದಲ್ಲ. ಆದರೆ ಸೋಲುವಾಗ ಎಲ್ಲವೂ ಕೆಟ್ಟದ್ದಾಗಿಯೇ ಕಾಣುತ್ತದೆ. ನಿಜ ಏನೆಂದರೆ, ಆ ದಿನಗಳಲ್ಲೂ ಆಯ್ಲರ್ಸ್ ಹೊಡೆದ ಶಾಟ್ ಎದುರಾಳಿಗಿಂತ ಹೆಚ್ಚು, ಅವಕಾಶಗಳೂ ಹೆಚ್ಚು. ಗೋಲಿಗಳು ತಡೆಯುವ ಪ್ರಮಾಣ ಮಾತ್ರ ಲೀಗ್‌ನ ತಳದಲ್ಲಿತ್ತು. ಜ್ಯಾಕ್ ಕ್ಯಾಂಪ್‌ಬೆಲ್‌ನನ್ನು ಕೆಳಗಿನ ಲೀಗ್‌ಗೆ ಕಳಿಸಿದರು. 3 ಗೆಲುವು, 9 ಸೋಲು, ಓವರ್‌ಟೈಮ್‌ನಲ್ಲಿ ಇನ್ನೊಂದು ಸೋಲು ಆದಾಗ, ನವೆಂಬರ್ 12ಕ್ಕೆ ವುಡ್‌ಕ್ರಾಫ್ಟ್ ಅವರನ್ನೂ ತೆಗೆದರು.

ಹೊಸದಾಗಿ ಬಂದವರು ಕ್ರಿಸ್ ನಾಬ್ಲಾಕ್. ಈರಿ ಆಟರ್ಸ್ ಅನ್ನೋ ಜೂನಿಯರ್ ತಂಡದಲ್ಲಿ ಮೆಕ್‌ಡೇವಿಡ್‌ಗೆ ಕೋಚ್ ಆಗಿದ್ದವರು. ದನಿ ಎತ್ತದ ಮನುಷ್ಯ. ಡಿಸೆಂಬರ್ ಕೊನೆಯಿಂದ ಜನವರಿ ತನಕ ಸತತ 16 ಪಂದ್ಯ ಗೆದ್ದರು. ಪಿಟ್ಸ್‌ಬರ್ಗ್‌ನ 17ರ ದಾಖಲೆಗೆ ಒಂದೇ ಕಡಿಮೆ. ನಾಬ್ಲಾಕ್ ಅವರ ಕೈಯಲ್ಲಿ ತಂಡ ಆ ಸೀಸನ್ನಿನಲ್ಲಿ 46 ಗೆದ್ದಿತು. ಅವರು ಒಳ್ಳೆಯ ಕೆಲಸ ಮಾಡಿದರು, ಅನುಮಾನ ಇಲ್ಲ. ಆದರೆ ಎಲ್ಲಾ ಕೀರ್ತಿಯನ್ನೂ ಹೊಸ ಲೈನ್‌ಗಳಿಗೆ ಕೊಟ್ಟವರು ಗೋಲಿ ಸ್ಟುವರ್ಟ್ ಸ್ಕಿನ್ನರ್ ಚೇತರಿಸಿಕೊಂಡದ್ದನ್ನು ಮರೆತರು. ವುಡ್‌ಕ್ರಾಫ್ಟ್ ಇನ್ನೊಂದು ತಿಂಗಳು ಉಳಿದಿದ್ದರೂ ತಂಡ ಗೆಲ್ಲೋಕೆ ಶುರು ಮಾಡುತ್ತಿತ್ತು ಅನ್ನೋದು ನನ್ನ ಅಭಿಪ್ರಾಯ. ಒಪ್ಪದವರು ಬಹಳ ಜನ.

ಮೂರನೇ ಲೈನ್

ಪ್ಲೇಆಫ್ ಬಂದಾಗ ಇಬ್ಬರು ದೊಡ್ಡವರ ಹೊತ್ತು ಹೆಚ್ಚೂಕಡಿಮೆ ಗೊತ್ತಿರುವ ಲೆಕ್ಕ. ವ್ಯತ್ಯಾಸ ಮಾಡುವುದು ಉಳಿದ ನಿಮಿಷಗಳು. 2016ರಲ್ಲಿ ಪಿಟ್ಸ್‌ಬರ್ಗ್ ಕಪ್ ಗೆದ್ದಾಗ ಮೊದಲ ಲೈನ್‌ಗೆ ಸಿಡ್ನಿ ಕ್ರಾಸ್ಬಿ, ಎರಡನೆಯದಕ್ಕೆ ಎವ್ಗೆನಿ ಮಾಲ್ಕಿನ್. ಮೂರನೆಯದರಲ್ಲಿ ಕಾರ್ಲ್ ಹಾಗೆಲಿನ್, ನಿಕ್ ಬೊನಿನೊ, ಫಿಲ್ ಕೆಸೆಲ್. ಎದುರಾಳಿಯ ಒಳ್ಳೆಯ ಡಿಫೆನ್ಸ್ ಜೋಡಿ ಕ್ರಾಸ್ಬಿ ಹಿಂದೆ, ಎರಡನೇ ಜೋಡಿ ಮಾಲ್ಕಿನ್ ಹಿಂದೆ. ಕೆಸೆಲ್‌ಗೆ ಸಿಕ್ಕಿದ್ದು ಮೂರನೇ ಜೋಡಿ. ಪಾಪ, ಅವರಿಂದ ತಡೆಯಲು ಆಗಲಿಲ್ಲ. ಆಯ್ಲರ್ಸ್‌ನ ಹಳೇ ವೈಭವದಲ್ಲೂ ಇದೇ ಕಥೆ. ವೇಯ್ನ್ ಗ್ರೆಟ್ಸ್‌ಕಿಗೆ ಒಂದು ಲೈನ್, ಮಾರ್ಕ್ ಮೆಸ್ಸಿಯೆಗೆ ಇನ್ನೊಂದು. 1988ರಲ್ಲಿ ಗ್ರೆಟ್ಸ್‌ಕಿಯನ್ನು ಲಾಸ್ ಏಂಜಲೀಸ್‌ಗೆ ಮಾರಿದ ಮೇಲೂ 1990ರಲ್ಲಿ ಮೆಸ್ಸಿಯೆ ನಾಯಕತ್ವದಲ್ಲಿ ಐದನೇ ಕಪ್ ಬಂತು.

2024ರ ಫೈನಲ್ ನೆನಪಿಸಿಕೊಳ್ಳಿ. ಏಳು ಪಂದ್ಯದ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಕಪ್. ಫ್ಲೋರಿಡಾ ಮೊದಲ ಮೂರೂ ಪಂದ್ಯ ಗೆದ್ದಿತ್ತು. ನಾಲ್ಕನೆಯದನ್ನು ಆಯ್ಲರ್ಸ್ 8-1ರಲ್ಲಿ ಗೆದ್ದಿತು. ಆ ಎಂಟರಲ್ಲಿ ಮೊದಲನೆಯದು ಮೆಕ್‌ಡೇವಿಡ್‌ನದಲ್ಲ, ಡ್ರೈಸೈಟಲ್‌ನದೂ ಅಲ್ಲ. ನಮ್ಮ ಕಡೆ ಒಬ್ಬ ಕಮ್ಮಿ ಇದ್ದಾಗ ಕಾನರ್ ಬ್ರೌನ್ ಜೊತೆ ನುಗ್ಗಿ ಮಟಿಯಾಸ್ ಯಾನ್‌ಮಾರ್ಕ್ ಹೊಡೆದದ್ದು. ಐದನೇ ಪಂದ್ಯದ ಮೊದಲ ಗೋಲೂ ಹಾಗೆಯೇ, ಒಬ್ಬ ಕಮ್ಮಿ ಇದ್ದಾಗ, ಈ ಸಲ ಬ್ರೌನ್‌ನದು. ಆ ಸೀಸನ್ನಿನಲ್ಲಿ ಮಾರ್ಚ್ ಬರುವ ತನಕ ಒಂದೂ ಗೋಲು ಹೊಡೆಯದೆ ನಮ್ಮೆಲ್ಲರ ಬೈಗುಳ ತಿಂದ ಅದೇ ಬ್ರೌನ್! ಆ ಪ್ಲೇಆಫ್‌ನಲ್ಲಿ ಒಬ್ಬ ಕಮ್ಮಿ ಇದ್ದಾಗಿನ ಆಟದಲ್ಲಿ ಆಯ್ಲರ್ಸ್ ಸುಮಾರು 94% ಸಲ ಗೋಲು ಬಿಟ್ಟುಕೊಡಲಿಲ್ಲ. ಮೆಕ್‌ಡೇವಿಡ್ ನಾಲ್ಕು ಮತ್ತು ಐದನೇ ಪಂದ್ಯದಲ್ಲಿ ತಲಾ ನಾಲ್ಕು ಪಾಯಿಂಟ್ ಮಾಡಿದ್ದು ಅದ್ಭುತ, ಸರಿ. ಆರನೇ ಪಂದ್ಯವನ್ನು ತಂಡ 5-1ರಲ್ಲಿ ಗೆದ್ದಾಗ ಅವನ ಪಾಯಿಂಟ್ ಸೊನ್ನೆ. ಏಳನೆಯದನ್ನು 2-1ರಲ್ಲಿ ಸೋತೆವು, ಅವತ್ತೂ ಸೊನ್ನೆ. ನಮ್ಮ ಒಂದೇ ಗೋಲು ಮತ್ತೆ ಯಾನ್‌ಮಾರ್ಕ್‌ನದು. ಡ್ರೈಸೈಟಲ್ ಗಾಯದಲ್ಲಿ ಆಡುತ್ತಿದ್ದ, ಏಳು ಪಂದ್ಯದಲ್ಲಿ ಒಂದೂ ಗೋಲಿಲ್ಲ. ಒಟ್ಟು 42 ಪಾಯಿಂಟ್ ಮಾಡಿದ್ದ ಮೆಕ್‌ಡೇವಿಡ್‌ಗೆ, ಸೋತ ತಂಡದಲ್ಲಿದ್ದರೂ, ಪ್ಲೇಆಫ್‌ನ ಅತ್ಯುತ್ತಮ ಆಟಗಾರನ ಕಾನ್ ಸ್ಮೈತ್ ಟ್ರೋಫಿ ಬಂತು. ಅದನ್ನು ತೆಗೆದುಕೊಳ್ಳಲು ಅವನು ಹೊರಗೆ ಬರಲಿಲ್ಲ.

ಆ ಬೇಸಿಗೆಯಲ್ಲಿ ನಡೆದದ್ದು ನನಗೆ ಈಗಲೂ ನುಂಗಲಾರದ ತುತ್ತು. ಎನ್‌ಎಚ್‌ಎಲ್‌ನಲ್ಲಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ, 2024-25ರಲ್ಲಿ ಅದು 8.8 ಕೋಟಿ ಡಾಲರ್. ಸೇಂಟ್ ಲೂಯಿಸ್ ತಂಡ ನಮ್ಮ ಇಬ್ಬರು ಹುಡುಗರಿಗೆ, ಡಿಫೆನ್ಸ್‌ನ ಫಿಲಿಪ್ ಬ್ರೋಬರಿ ಮತ್ತು ವಿಂಗ್‌ನ ಡಿಲನ್ ಹಾಲೋವೇಗೆ, ಒಂದೇ ದಿನ ದೊಡ್ಡ ಸಂಬಳದ ಆಫರ್ ಕೊಟ್ಟಿತು. ಅಷ್ಟೇ ಸಂಬಳ ಕೊಟ್ಟು ಉಳಿಸಿಕೊಳ್ಳುವ ಹಕ್ಕು ಆಯ್ಲರ್ಸ್‌ಗೆ ಇತ್ತು, ಉಳಿಸಿಕೊಳ್ಳಲಿಲ್ಲ. ಹಾಲೋವೇ ಅಲ್ಲಿ ಮೊದಲ ವರ್ಷವೇ 63 ಪಾಯಿಂಟ್ ಮಾಡಿದ. ಮೂರನೇ ಲೈನ್‌ನ ಸೆಂಟರ್ ರಯಾನ್ ಮೆಕ್ಲಿಯೋಡ್‌ನನ್ನು ಬಫಲೋಗೆ ಕೊಟ್ಟರು. ಅಂದರೆ ಇಬ್ಬರು ದೊಡ್ಡವರು ಬೆಂಚಿನಲ್ಲಿದ್ದಾಗ ಓಡಬೇಕಿದ್ದ ಚುರುಕು ಕಾಲುಗಳೇ ಹೋದವು.

ಆದರೂ 2025ರಲ್ಲಿ ಮತ್ತೆ ಫೈನಲ್, ಮತ್ತೆ ಫ್ಲೋರಿಡಾ. ಈ ಸಲ ತವರಿನ ಲಾಭ ನಮಗೇ ಇತ್ತು. ಮಾರಿಸ್ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಯಾಕೆಂದರೆ ಅವರ ಬಳಿ ಒಂದೇ ತೂಕದ ಮೂರು ಲೈನ್ ಇದ್ದವು. ಬಾರ್ಕೋವ್–ಸ್ಯಾಮ್ ರೈನ್‌ಹಾರ್ಟ್ ಒಂದು. ಸ್ಯಾಮ್ ಬೆನೆಟ್–ಮ್ಯಾಥ್ಯೂ ಕಚಕ್ ಇನ್ನೊಂದು. ಮೂರನೆಯದಕ್ಕೆ ಆಂಟನ್ ಲುಂಡೆಲ್, ಈಟು ಲುವೊಸ್ಟರಿನೆನ್ ಮತ್ತು ಬೋಸ್ಟನ್‌ನಿಂದ ಮಾರ್ಚ್‌ನಲ್ಲಷ್ಟೇ ಬಂದಿದ್ದ 37 ವರ್ಷದ ಮರ್ಷಾಂಡ್. ಯಾವುದಕ್ಕೆ ಯಾವುದನ್ನು ಎದುರು ಇಳಿಸುತ್ತೀರಿ? ಆ ಫೈನಲ್‌ನಲ್ಲಿ ಮರ್ಷಾಂಡ್ ಆರು ಗೋಲು ಹೊಡೆದ. ಮೂರನೇ ಲೈನ್‌ನಿಂದ ಆರು! ಮೆಕ್‌ಡೇವಿಡ್‌ಗೆ ಸಿಕ್ಕಿದ್ದು ಒಂದು.

ನಾಬ್ಲಾಕ್ ಆ ಸರಣಿಯಲ್ಲಿ ಮೆಕ್‌ಡೇವಿಡ್, ಡ್ರೈಸೈಟಲ್ ಇಬ್ಬರನ್ನೂ ಮತ್ತೆ ಮತ್ತೆ ಒಟ್ಟಿಗೆ ಇಳಿಸಿದರು. ಅವರ ಕಷ್ಟವೂ ಅರ್ಥವಾಗುತ್ತದೆ. ಹೈಮನ್ ಅದಕ್ಕೂ ಹಿಂದಿನ ಡಲ್ಲಾಸ್ ಸರಣಿಯಲ್ಲಿ ಮಣಿಕಟ್ಟಿಗೆ ಗಾಯ ಮಾಡಿಕೊಂಡು ಹೊರಗಿದ್ದ. ಮೆಕ್‌ಡೇವಿಡ್ ಪಕ್ಕಕ್ಕೆ ಯಾರನ್ನಾದರೂ ಹಾಕಲೇಬೇಕಿತ್ತು. ಆದರೆ ನನ್ನ ವಾದಕ್ಕೆ ಬೇಕಾದ ಸಾಕ್ಷಿ ಅದೇ ಸರಣಿಯ ನಾಲ್ಕನೇ ಪಂದ್ಯದಲ್ಲಿದೆ. ಮೊದಲ ಪೀರಿಯಡ್ ಮುಗಿದಾಗ 0-3. ಹಾಗಿದ್ದೂ ಓವರ್‌ಟೈಮ್‌ನಲ್ಲಿ 5-4ರಿಂದ ಗೆದ್ದೆವು. ಗೆಲುವಿನ ಗೋಲು ಡ್ರೈಸೈಟಲ್‌ನದು. ಒಂದೇ ಕೈಯಲ್ಲಿ ಸ್ಟಿಕ್ ಹಿಡಿದು ತಳ್ಳಿದ ಪಕ್, ಎದುರಾಳಿಯ ಡಿಫೆನ್ಸ್ ಆಟಗಾರನಿಗೆ ತಾಗಿ ಒಳಗೆ ಹೋಯಿತು. ಆ ಪ್ಲೇಆಫ್‌ನಲ್ಲಿ ಅವನ ನಾಲ್ಕನೇ ಓವರ್‌ಟೈಮ್ ಗೋಲು, ಅದೂ ಒಂದು ದಾಖಲೆ. ಪಾಸ್ ಕೊಟ್ಟದ್ದು ಮೆಕ್‌ಡೇವಿಡ್ ಅಲ್ಲ, ಕಸ್ಪೆರಿ ಕಪಾನೆನ್. ಸೇಂಟ್ ಲೂಯಿಸ್ ಬೇಡ ಅಂತ ಬಿಟ್ಟವನನ್ನು ಆಯ್ಲರ್ಸ್ ಸೀಸನ್ ಮಧ್ಯೆ ಪುಕ್ಕಟೆ ಎತ್ತಿಕೊಂಡಿತ್ತು. ಡ್ರೈಸೈಟಲ್‌ನನ್ನು ಸೆಂಟರ್‌ನಲ್ಲಿ ಬಿಟ್ಟರೆ ಇಂಥವರಿಂದಲೂ ಕೆಲಸ ಆಗುತ್ತದೆ. ಐದನೆಯದನ್ನು 2-5, ಆರನೆಯದನ್ನು 1-5ರಲ್ಲಿ ಸೋತೆವು. ಕೊನೆಯ ಪಂದ್ಯದಲ್ಲಿ ರೈನ್‌ಹಾರ್ಟ್ ಒಬ್ಬನೇ ನಾಲ್ಕು ಹೊಡೆದ. ಗೋಲಿಗಳನ್ನು ಬದಲಿಸಿದ್ದು, ಆರಂಭದಲ್ಲೇ ಗೋಲು ಬಿಟ್ಟುಕೊಟ್ಟದ್ದು, ಇವೂ ಸೋಲಿಗೆ ಕಾರಣ. ಎಲ್ಲವನ್ನೂ ಲೈನ್ ತಲೆಗೆ ಕಟ್ಟಲು ಆಗುವುದಿಲ್ಲ.

ಮುಂದಿನ ಸಲ ಪಂದ್ಯ ನೋಡುವಾಗ ಒಂದು ಕೆಲಸ ಮಾಡಿ. ಮೆಕ್‌ಡೇವಿಡ್‌ನ 97 ಮತ್ತು ಡ್ರೈಸೈಟಲ್‌ನ 29, ಈ ಎರಡೂ ನಂಬರ್ ಬೆಂಚಿನಲ್ಲಿರುವ ಹೊತ್ತನ್ನು ಗಮನಿಸಿ. ಆಗ ಪಕ್ ಯಾವ ಕಡೆ ಇದೆ? ಆ ಹೊತ್ತಿನಲ್ಲಿ ಸಮಬಲ ಇದ್ದರೂ ಸಾಕು, ಆಯ್ಲರ್ಸ್ ಆ ಪಂದ್ಯ ಸೋಲುವುದು ಅಪರೂಪ.

ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಮೆಕ್‌ಡೇವಿಡ್‌ಗೇ ಅನ್ನಿಸುತ್ತದೆ. ಡ್ರೈಸೈಟಲ್ ಸಂಬಳ ಈಗ ವರ್ಷಕ್ಕೆ 1.4 ಕೋಟಿ ಡಾಲರ್. 2025ರ ಸೆಪ್ಟೆಂಬರ್ ಕೊನೆಗೆ ಮಿನೆಸೋಟಾದ ಕಿರಿಲ್ ಕಪ್ರಿಜೋವ್ ವರ್ಷಕ್ಕೆ 1.7 ಕೋಟಿಗೆ ಸಹಿ ಹಾಕಿದ. ಮೆಕ್‌ಡೇವಿಡ್ ಅದಕ್ಕಿಂತ ಜಾಸ್ತಿ ಕೇಳಿದ್ದರೂ ಇಲ್ಲ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ವಾರದ ನಂತರ ಅವನು ಸಹಿ ಹಾಕಿದ್ದು 1.25 ಕೋಟಿಗೆ, ಹಳೇ ಸಂಬಳಕ್ಕೇ, ಅದೂ ಬರೀ ಎರಡು ವರ್ಷಕ್ಕೆ. ಬಿಟ್ಟ ಹಣದಲ್ಲಿ ಮೂರನೇ ಲೈನ್ ಕಟ್ಟಿಕೊಳ್ಳಲು ಆಡಳಿತಕ್ಕೆ 2028ರ ತನಕ ಸಮಯ ಇದೆ.